ಹದಿನಾಲ್ಕೂಕಾಲು ಅಡಿ ಬೀದಿಯಲ್ಲಿ ಒಂದು ಕಬ್ಬಿಣದ ತೊಟ್ಟಿ

ರಸ್ತೆಯ ಅಂಚಿನಲ್ಲಿ ಏನನ್ನಾದರೂ ಇಡಲು ಅನುಮತಿ ಕೊಡುವ, ನಿರಾಕರಿಸುವ, ಎರಡನ್ನೂ ಮಾಡದೆ ಕಡತವನ್ನು ಕಪಾಟಿನಲ್ಲಿಡುವ ಮೂರೂ ಅಧಿಕಾರಗಳುಳ್ಳ ಮಾನ್ಯರೇ,

ತಮ್ಮ ಪಾಲಿಕೆ ಕಚೇರಿಯ ಅನುಮತಿ ಕೇಳಿದ ತಪ್ಪಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ನೋಟಿಸು ಬಂದಿದೆ. ಕೇಳದೆ ಕೆಲಸ ಮುಗಿಸಿದವರಿಗೆ ಬಂದಿಲ್ಲ. ಬರುವ ಸೋಮವಾರ ಸಂಜೆಯೊಳಗೆ ಆಕೆ 'ಸಮಂಜಸವಾದ ಲಿಖಿತ ಸಮಜಾಯಿಷಿ' ಸಲ್ಲಿಸದಿದ್ದರೆ ಆಕೆಯ ಉದ್ದಿಮೆ ಪರವಾನಗಿಯನ್ನು ರದ್ದುಪಡಿಸಲಾಗುವುದು ಎಂದು ಅದರ ಕೊನೆಯ ಸಾಲು ಹೇಳುತ್ತದೆ. ಆ ಸಾಲಿನ ಕೆಳಗೆ ತಮ್ಮ ಸಹಿ ಇದೆ. ಸಹಿ ಮಾಡುವಾಗ ತಾವು ಮೇಲಿನ ಸಾಲುಗಳನ್ನು ಓದಿರಲಾರಿರಿ ಎಂಬ ನಂಬಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಓದಿಯೂ ಮಾಡಿದ್ದೀರೆಂದಾದರೆ ನನ್ನ ಶ್ರಮ ವ್ಯರ್ಥ. ಆಕೆಯ ಅರ್ಜಿಯ ವಿಷಯವಾಗಿ ಈ ಹಿಂದೆ ಎರಡು ಬಾರಿ ಮುಚ್ಚಿದ ಲಕೋಟೆಯಲ್ಲಿ ತಮಗೆ ಬರೆದಿದ್ದೆ. ಎರಡಕ್ಕೂ ಸ್ವೀಕೃತಿಯ ಮೊಹರು ಬಿತ್ತು, ಉತ್ತರ ಬರಲಿಲ್ಲ. ಆದ್ದರಿಂದ ಈ ಬಾರಿ ಲಕೋಟೆಯನ್ನು ಅಂಟಿಸದೆ ಊರಿನವರ ಕೈಗೇ ಕೊಟ್ಟಿದ್ದೇನೆ.

ನನ್ನ ಪರಿಚಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮೂವತ್ತೊಂದು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಸರ್ವೆ ಕಲಿಸಿದವನು. ಮಠದ ಹಾಸ್ಟೆಲಿನಲ್ಲಿ ಉಂಡು ಓದಿದವನಾದ್ದರಿಂದ, ಕಲಿತದ್ದನ್ನು ನಾಲ್ಕು ಜನಕ್ಕೆ ದಾಟಿಸದೆ ಕೂತರೆ ಉಂಡ ಅನ್ನ ಅರಗುವುದಿಲ್ಲ. ನಿವೃತ್ತಿಯ ನಂತರವೂ ಪ್ರತಿ ಭಾನುವಾರ ಬೆಳಗ್ಗೆ ಮೈಸೂರಿನ ಅಗ್ರಹಾರದ ನನ್ನ ಮನೆಯ ಪಡಸಾಲೆಯಲ್ಲಿ ಐದಾರು ಹುಡುಗ ಹುಡುಗಿಯರು ಸೇರುತ್ತಾರೆ. ಡಿಪ್ಲೊಮಾ ಮುಗಿಸಿ, ತಮ್ಮದೇ ಒಂದು ಕಸುಬು ಕಟ್ಟಿಕೊಳ್ಳಬೇಕೆಂಬ ಆಸೆಯವರು. ಅಂದಾಜು ಪಟ್ಟಿ ಬರೆಯುವುದು, ಕರಾರು ಓದುವುದು, ಅರ್ಜಿ ತುಂಬುವುದು, ಇಷ್ಟನ್ನು ಹೇಳಿಕೊಡುತ್ತೇನೆ. ಇಂದಿನ ಮಕ್ಕಳು ಕೆಟ್ಟರೆಂದು ಪಾರ್ಕಿನ ಬೆಂಚಿನಲ್ಲಿ ಕೂತು ಗೊಣಗುವ ನನ್ನ ವಯಸ್ಸಿನವರ ಗುಂಪಿಗೆ ನಾನಿನ್ನೂ ಸೇರಿಲ್ಲ. ನಾನು ಕಂಡ ಮಕ್ಕಳು, ನಾವು ಮಾಡಿಟ್ಟ ರಾಡಿಯನ್ನು ಬಳಿಯಲು ತಯಾರಾಗಿಯೇ ಇದ್ದಾರೆ. ಬಳಿಯುವುದಕ್ಕೂ ಮೊದಲು ಅನುಮತಿ ಪಡೆಯಬೇಕೆಂದು ಅವರಿಗೆ ಹೇಳಿಕೊಟ್ಟವನು ಮಾತ್ರ ನಾನೇ.

ವರ್ಷಿಣಿ ಅವರಲ್ಲೊಬ್ಬಳು. ಇಪ್ಪತ್ತಾರು ವರ್ಷ. ಊರಂಚಿನ ಹಿನಕಲ್ಲಿನಲ್ಲಿ ಬಡಾವಣೆಗಳ ನಡುವೆ ಹೇಗೋ ಉಳಿದುಕೊಂಡಿರುವ ಮೂವತ್ತು ಗುಂಟೆಯಲ್ಲಿ ಸೊಪ್ಪು ಬೆಳೆಯುವ ದೇವರಾಜು ಅವರ ಮಗಳು. ಅವರ ಸೊಪ್ಪಿನ ಮಡಿಗಳ ಪಕ್ಕದಲ್ಲೊಂದು ಹಳ್ಳ ಹರಿಯುತ್ತದೆ, ಹರಿಯುತ್ತಿತ್ತು ಎನ್ನಬೇಕು. ನಗರದೊಳಗೆ ಎಲ್ಲೆಲ್ಲೋ ಒಡೆದ ಹಳೆಯ ಮನೆಗಳ ಇಟ್ಟಿಗೆ, ಗಾರೆ, ಬಚ್ಚಲಿನ ಟೈಲ್ಸುಗಳು ಟ್ರ್ಯಾಕ್ಟರುಗಳಲ್ಲಿ ಹಾಡುಹಗಲೇ ಮೆರವಣಿಗೆ ಬಂದು ಆ ಹಳ್ಳದಲ್ಲಿ ಬೀಳುತ್ತವೆ. ಬೇರೆಯವರಾಗಿದ್ದರೆ ಶಾಪ ಹಾಕಿ ಸುಮ್ಮನಾಗುತ್ತಿದ್ದರು. ಇವಳು ಸ್ಕೂಟರಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಹೋಗಿ, ಮಣ್ಣು ಎಲ್ಲಿಂದ ಹೊರಡುತ್ತದೆ, ಯಾಕೆ ಹೊರಡುತ್ತದೆ ಎಂದು ಒಂದು ತಿಂಗಳು ನೋಡಿಕೊಂಡು ಬಂದಳು. ಆಮೇಲೊಂದು ಭಾನುವಾರ ಹೇಳಿದಳು: "ಸರ್, ಗೋಡೆ ಒಡ್ಸೋರು ಯಾರೂ ಕೆಟ್ಟೋರಲ್ಲ. ಒಡ್ದಿದ್ದನ್ನ ಎಲ್ಲಿಡೋದು ಅಂತ ಗೊತ್ತಾಗದೆ ಒದ್ದಾಡ್ತಾರೆ ಅಷ್ಟೆ. ಇಡಕ್ಕೆ ಏನಾದ್ರೂ ನಾನೇ ತಂದ್ಕೊಟ್ರೆ ಹೆಂಗೆ?"

ಹೀಗೆ ಹುಟ್ಟಿತು ಅವಳ ಬಾಡಿಗೆ ತೊಟ್ಟಿಯ ಕಸುಬು. ಮೇಟಗಳ್ಳಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ಐದಡಿ ಅಗಲದ ಮೂರು ಕಬ್ಬಿಣದ ತೊಟ್ಟಿಗಳನ್ನು ಮಾಡಿಸಿದಳು. ತೊಟ್ಟಿಯನ್ನು ಸರಪಳಿಯಲ್ಲಿ ಎತ್ತಿ ಬೆನ್ನ ಮೇಲೆ ಕೂರಿಸಿಕೊಳ್ಳುವ ಸಣ್ಣ ಲಾರಿಯೊಂದನ್ನು ಹೊಂದಿಸಿದಳು. ಮನೆ ಒಡೆಸುವವರ ಬಾಗಿಲಲ್ಲಿ ತೊಟ್ಟಿ ಇಡುವುದು, ಅದು ತುಂಬಿದ ಮೇಲೆ ಹೊತ್ತೊಯ್ದು, ಕಟ್ಟಡದ ಅವಶೇಷಕ್ಕೆಂದು ಊರಾಚೆ ಗುರುತಿಸಿರುವ ಜಾಗದಲ್ಲಿ ಇಳಿಸಿ ಚೀಟಿ ಪಡೆಯುವುದು. ಇಷ್ಟೇ. ಮೊದಲ ಒಂಬತ್ತು ಕೆಲಸಗಳೂ ಯಾದವಗಿರಿಯಲ್ಲಿ ಸಿಕ್ಕವು. ಅಲ್ಲಿ ಒಂದಕ್ಕೂ ತಮ್ಮ ಅನುಮತಿ ಬೇಕಾಗಲಿಲ್ಲ. ಬಂಗಲೆಗಳಿಗೆ ಕಾಂಪೌಂಡಿದೆ, ಕಾಂಪೌಂಡಿನೊಳಗೆ ತೊಟ್ಟಿ ಇಟ್ಟರೆ ರಸ್ತೆಯ ಕಾನೂನು ಗೇಟಿನಾಚೆಯೇ ನಿಲ್ಲುತ್ತದೆ. ಮನೆಯ ಹೊಸ್ತಿಲು ದಾಟಿದರೆ ನೇರ ಬೀದಿಗೇ ಕಾಲಿಡುವ ನಮ್ಮಂಥವರಿಗೆ ಮಾತ್ರ ಆ ಕಾನೂನು. ಅಂಗಳವಿದ್ದವರಿಗೆ ಸೌಕರ್ಯ, ಅಂಗಳವಿಲ್ಲದವರಿಗೆ ಅರ್ಜಿ. ಹೀಗಿರಬೇಕೆಂದು ಯಾರೂ ಕೂತು ಯೋಚಿಸಿರಲಿಕ್ಕಿಲ್ಲ, ಒಪ್ಪುತ್ತೇನೆ. ಯಾರೂ ಕೂತು ಯೋಚಿಸಲಿಲ್ಲ ಎಂಬುದೇ ನನ್ನ ದೂರು.

ಅವಳಿಗೆ ಹತ್ತನೆಯ ಕೆಲಸವನ್ನು ಕೊಡಿಸಿದವನು ನಾನು. ನಮ್ಮ ಬೀದಿಯಲ್ಲಿ, ನನ್ನ ಮನೆಯಿಂದ ಐದನೆಯ ಮನೆಯಲ್ಲಿ, ಪ್ರೇಮಲೀಲಾ ಎಂಬವರು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾರೆ. ಮುಂದಿನ ಕೋಣೆಯ ಮಣ್ಣಿನ ಗೋಡೆ ಹೊಟ್ಟೆ ಬಿಟ್ಟಿತ್ತು, ಕೆಡವಿ ಕಟ್ಟಿಸಬೇಕಿತ್ತು. "ಟ್ರ್ಯಾಕ್ಟರಿಗೆ ಹೇಳಬೇಡಿ, ನಮ್ಮ ಹುಡುಗಿಯೊಬ್ಬಳಿದ್ದಾಳೆ, ಎಲ್ಲವನ್ನೂ ಕ್ರಮವಾಗಿ ಮಾಡುತ್ತಾಳೆ" ಎಂದು ನಾನೇ ಹೋಗಿ ಹೇಳಿದೆ. ಕ್ರಮವಾಗಿ ಎಂಬ ಪದವನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಉಚ್ಚರಿಸಿದ್ದೆನೆಂದು ನೆನಪು.

ಮಾರ್ಚ್ ಮೂರರಂದು ವರ್ಷಿಣಿ ತಮ್ಮ ಕಚೇರಿಗೆ ಬಂದಳು. ತೊಟ್ಟಿ ಇಡಲು ಯಾವ ನಮೂನೆಯಲ್ಲಿ ಅರ್ಜಿ ಕೊಡಬೇಕು ಎಂದು ಕೇಳಿದಳು. ಅಂಥ ನಮೂನೆ ಇರಲಿಲ್ಲ. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು, ಅವರು ಒಳ್ಳೆಯವರು, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಪಾಟಿನಿಂದ ಬೇರೊಂದು ನಮೂನೆ ತೆಗೆದುಕೊಟ್ಟರು. ಅದರ ತಲೆಬರಹ: 'ಸಾರ್ವಜನಿಕ ರಸ್ತೆಯಲ್ಲಿ ಶಾಮಿಯಾನ, ಪೆಂಡಾಲು ಇತ್ಯಾದಿ ಹಾಕಲು ಅನುಮತಿ ಕೋರಿ ಅರ್ಜಿ.'

"ಇದು ಮದುವೆ ಮನೇದಲ್ವಾ ಸರ್?" ಎಂದಳಂತೆ ವರ್ಷಿಣಿ.

"ಇತ್ಯಾದಿ ಅಂತಿದೆಯಲ್ಲಮ್ಮ. ನಿನ್ ತೊಟ್ಟಿ ಆ ಇತ್ಯಾದೀಲಿ ಬರುತ್ತೆ."

ಮೊದಲ ಕಾಲಂ, ಸಮಾರಂಭದ ಸ್ವರೂಪ. ಇವಳು 'ಹಳೆಯ ಗೋಡೆಯ ತೆರವು' ಎಂದು ಬರೆದಳು. ಎರಡನೆಯದು, ವಧೂವರರ ಅಥವಾ ಉತ್ಸವದ ಹೆಸರು. 'ಅನ್ವಯಿಸುವುದಿಲ್ಲ' ಎಂದು ಬರೆದಳು. ನಿರ್ವಾಹಕರಿಗೆ ಅದು ಸರಿಬರಲಿಲ್ಲ.

"ಗೃಹಪ್ರವೇಶ ಅಂತ ಹಾಕಮ್ಮ. ಮೇಲ್ನೋರು ತಕರಾರು ತೆಗೆಯಲ್ಲ."

"ಮನೆ ಒಡೀತಿರೋವಾಗ ಗೃಹಪ್ರವೇಶ ಹೆಂಗಾಗುತ್ತೆ ಸರ್?"

"ಒಡೆದ ಮೇಲೆ ಕಟ್ತಾರೆ, ಕಟ್ಟಿದ ಮೇಲೆ ಪ್ರವೇಶ ಮಾಡ್ತಾರೆ. ಹಿಂದೆ ಮುಂದೆ ಅಷ್ಟೆ."

ವರ್ಷಿಣಿ ಹಾಗೆ ಬರೆಯಲಿಲ್ಲ. ಧ್ವನಿವರ್ಧಕಗಳ ಸಂಖ್ಯೆಯ ಎದುರು ಸೊನ್ನೆ, ಅಡುಗೆ ಒಲೆಗಳ ಸಂಖ್ಯೆಯ ಎದುರು ಸೊನ್ನೆ ಬರೆದು, ತೊಟ್ಟಿಯ ನಕ್ಷೆ, ಮನೆಯ ಕಂದಾಯದ ರಸೀದಿ, ಸಂಚಾರ ಠಾಣೆಯ ನಿರಾಕ್ಷೇಪಣಾ ಪತ್ರ, ಬೀದಿಯ ಹನ್ನೊಂದು ಮನೆಗಳವರ ಒಪ್ಪಿಗೆಯ ಸಹಿ, ರಸ್ತೆಗೆ ಹಾನಿಯಾದರೆ ತಾನೇ ಸರಿಪಡಿಸುವುದಾಗಿ ಒಂದು ಮುಚ್ಚಳಿಕೆ, ಎಲ್ಲವನ್ನೂ ಲಗತ್ತಿಸಿದಳು. ಇಷ್ಟಾದರೂ ತಡೆದದ್ದು ಏಳನೆಯ ಕಾಲಂ: ರಸ್ತೆಯ ಅಗಲ.

ಮಾನ್ಯರೇ, ತಮ್ಮ ದಾಖಲೆಯಲ್ಲಿ ನಮ್ಮ ಬೀದಿಯ ಅಗಲ ಇಪ್ಪತ್ತು ಅಡಿ. ಶಾಮಿಯಾನ ಹಾಕುವವರೆಲ್ಲ ಇಪ್ಪತ್ತೆಂದೇ ಬರೆಯುತ್ತಾರೆ, ಅನುಮತಿ ಪಡೆಯುತ್ತಾರೆ, ಬೀದಿಯನ್ನು ಈ ತುದಿಯಿಂದ ಆ ತುದಿಗೆ ಮುಚ್ಚುತ್ತಾರೆ, ನಾವೂ ಹೋಗಿ ಉಂಡು ಬರುತ್ತೇವೆ. ಯಾರೂ ಅಳೆದವರಿಲ್ಲ. ಅಳೆಯುವ ಯೋಚನೆ ಬರುವುದು ನನ್ನ ಶಿಷ್ಯರಿಗೆ ಮಾತ್ರ. 'ಕಾಗದ ಏನಾದರೂ ಹೇಳಲಿ, ಟೇಪು ಹೇಳಿದ್ದನ್ನು ಬರೆಯಿರಿ. ಮೂರು ಕಡೆ ಅಳೆಯಿರಿ, ಕಡಿಮೆ ಬಂದದ್ದನ್ನು ಬರೆಯಿರಿ' ಎಂದು ಮೂವತ್ತೊಂದು ವರ್ಷ ಹೇಳಿದವನು ನಾನು. ವರ್ಷಿಣಿ, ನನ್ನ ಇನ್ನೊಬ್ಬ ಶಿಷ್ಯ ಅಮರೇಶನ ಕೈಗೆ ಟೇಪಿನ ಇನ್ನೊಂದು ತುದಿ ಕೊಟ್ಟು, ಬೀದಿಯನ್ನು ಮೂರು ಕಡೆ ಅಳೆದಳು. ಪ್ರೇಮಲೀಲಾ ಅವರ ಮನೆಯೆದುರು ಬಂದದ್ದು ಹದಿನಾಲ್ಕೂಕಾಲು ಅಡಿ. ಹಾಗೆಯೇ ಬರೆದಳು.

"ಟೇಪ್ ಹಿಡ್ಕೊಂಡು ಅಳೀರಿ ಅಂತ ನಿಮಗ್ಯಾರಮ್ಮ ಹೇಳಿದ್ದು?" ಎಂದು ನಿರ್ವಾಹಕರು ಕೇಳಿದ್ದು ಸಿಟ್ಟಿನಿಂದಲ್ಲ, ಗಾಬರಿಯಿಂದ.

"ನಮ್ಮ ಮೇಷ್ಟ್ರು ಸರ್."

"ಅವ್ರಿಗೇನು, ರಿಟೈರ್ ಆಗಿರ್ತಾರೆ. ಈಗ ಹದಿನಾಲ್ಕೂಕಾಲು ಅಂತ ನಾನು ಕಡತದಲ್ಲಿ ತಗೊಂಡ್ರೆ, ಉಳಿದ ಐದೂಮುಕ್ಕಾಲು ಅಡಿ ಎಲ್ಲೋಯ್ತು ಅಂತ ಕೇಳ್ತಾರೆ. ಯಾರು ಉತ್ತರ ಕೊಡೋದು, ನೀನಾ, ನಾನಾ? ಇಪ್ಪತ್ತು ಅಂತ ಬರ್ಕೊಡು, ಮಧ್ಯಾಹ್ನದೊಳಗೆ ಮೊಹರು ಹಾಕ್ಸಿ ಕೊಡ್ತೀನಿ."

ಆ ಮಧ್ಯಾಹ್ನ ವರ್ಷಿಣಿ ಅರ್ಜಿಯನ್ನು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಬಿಸಿಲಿನಲ್ಲಿ ಬಂದವಳಿಗೆ ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಡದೆ ಕೇಳಿದಳು: "ಸರ್, ಇಪ್ಪತ್ತು ಅಂತ ಬರ್ದ್ಬುಡ್ಲಾ? ಅವ್ರೇ ಹೇಳ್ತಿದಾರೆ."

"ಬೀದಿ ಎಷ್ಟಿದೆ?"

"ಹದಿನಾಲ್ಕೂಕಾಲು."

"ಮತ್ತೆ?"

"ಮತ್ತೇನಿಲ್ಲ ಸರ್" ಎಂದಳು. ಎದ್ದು ಹೋಗಿ ಅರ್ಜಿಯನ್ನು ಹದಿನಾಲ್ಕೂಕಾಲು ಎಂದಿದ್ದ ಹಾಗೆಯೇ ಸಲ್ಲಿಸಿದಳು.

ಆ ಎರಡು ಅಕ್ಷರದ 'ಮತ್ತೆ' ಎಂಬ ಮಾತು ಅವಳ ಕಸುಬಿಗೆ ಮುಳುವಾದೀತೆಂದು ನನಗೆ ಆಗ ಹೊಳೆಯಲಿಲ್ಲ. ಅವಳ ಅರ್ಜಿಯನ್ನು ತಾವು ತಿರಸ್ಕರಿಸಲಿಲ್ಲ. ತಿರಸ್ಕರಿಸಿದ್ದರೆ ಕಾರಣ ಬರೆದ ಹಿಂಬರಹ ಸಿಗುತ್ತಿತ್ತು, ಹಿಂಬರಹ ಸಿಕ್ಕಿದ್ದರೆ ಮೇಲ್ಮನವಿ ಹಾಕಬಹುದಿತ್ತು. 'ದಾಖಲೆಗೂ ಅರ್ಜಿಗೂ ವ್ಯತ್ಯಾಸ ಕಂಡುಬಂದಿರುವುದರಿಂದ ಸರ್ವೆ ಶಾಖೆಯ ಅಭಿಪ್ರಾಯಕ್ಕೆ' ಎಂದು ಷರಾ ಬರೆದು ಕಳಿಸಿದಿರಿ. ಸರ್ವೆ ಶಾಖೆಯವರು ಬೀದಿಗೆ ಬಂದು ಅಳೆದರೇ? ಇಲ್ಲ. ದಾಖಲೆಯನ್ನು ತೆರೆದು ನೋಡಿ ಅದರಲ್ಲಿ ಇಪ್ಪತ್ತಿದೆ ಎಂದು ಬರೆದರು. ದಾಖಲೆಯಲ್ಲಿ ಇಪ್ಪತ್ತಿದೆ ಎಂಬುದು ವರ್ಷಿಣಿಗೂ ಗೊತ್ತಿತ್ತು, ತಮಗೂ ಗೊತ್ತಿತ್ತು. ಅದನ್ನು ಮೂರನೆಯವರಿಂದ ಕೇಳಿ ತಿಳಿಯಲು ಇಪ್ಪತ್ತಾರು ದಿನ ಹಿಡಿಯಿತು. ಕಡತ ಮರಳಿ ಬಂದು ಮತ್ತೆ ತಮ್ಮ ಮೇಜಿನ ಮೇಲೆ ಕೂತಿತು, ಕೂತೇ ಇದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಿಯಮ ಬೇಡವೆಂದು ವಾದಿಸುವವನು ನಾನಲ್ಲ. ತೊಟ್ಟಿ ಇಟ್ಟ ಮೇಲೂ ರಸ್ತೆಯಲ್ಲಿ ಹನ್ನೆರಡು ಅಡಿ ತೆರವಿರಬೇಕೆಂಬ ತಮ್ಮ ಷರತ್ತಿನ ಹಿಂದೆ ಒಳ್ಳೆಯ ಕಾರಣವಿದೆ. ನಮ್ಮ ಬೀದಿಗೆ ಆಂಬುಲೆನ್ಸ್ ಬಂದು ಒಳಗೆ ಬರಲಾರದೆ ತಿರುವಿನಲ್ಲಿ ನಿಂತದ್ದನ್ನು ನಾನೂ ಕಂಡಿದ್ದೇನೆ. ಆದರೆ ಅಗ್ರಹಾರದ ಯಾವ ಅಡ್ಡಬೀದಿಯಲ್ಲಿ ಐದಡಿಯ ತೊಟ್ಟಿಯ ಪಕ್ಕ ಹನ್ನೆರಡು ಅಡಿ ಉಳಿಯುತ್ತದೆ, ತೋರಿಸಿಕೊಡುತ್ತೀರಾ? ಅಳೆದು ಬರೆದವನಿಗೆ ಈ ಷರತ್ತಿನ ಪ್ರಕಾರ ಎಂದಿಗೂ ಅನುಮತಿ ಸಿಗದು. ಅಳೆಯದೆ ಬರೆದವನಿಗೆ ಮಧ್ಯಾಹ್ನದೊಳಗೆ ಸಿಗುತ್ತದೆ, ಅವನ ತೊಟ್ಟಿಯ ಪಕ್ಕದಲ್ಲೂ ಉಳಿಯುವುದು ಅದೇ ಒಂಬತ್ತೂಕಾಲು ಅಡಿ. ಹಾಗಾದರೆ ಈ ಷರತ್ತು ಕಾಪಾಡುತ್ತಿರುವುದು ಆಂಬುಲೆನ್ಸನ್ನೋ, ದಾಖಲೆಯನ್ನೋ? ವರ್ಷಿಣಿ ಅರ್ಜಿಯ ಜೊತೆಗೇ ಒಂದು ಪುಟ ಬರೆದು ಲಗತ್ತಿಸಿದ್ದಳು. ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಮಾತ್ರ ತೊಟ್ಟಿ ಇಡುತ್ತೇನೆ, ಲಾರಿ ಮತ್ತು ಚಾಲಕ ಅಲ್ಲೇ ಇರುತ್ತಾರೆ, ತುರ್ತಾದರೆ ತೊಟ್ಟಿಯನ್ನು ಎತ್ತಿ ಬೀದಿ ಖಾಲಿ ಮಾಡಲು ಆರು ನಿಮಿಷ ಸಾಕು, ಗಡಿಯಾರ ಹಿಡಿದು ನಾಲ್ಕು ಸಲ ಪರೀಕ್ಷಿಸಿದ್ದೇನೆ ಎಂದು. ಬಹುಶಃ ಆ ಪುಟವನ್ನು ಯಾರೂ ಓದಿಲ್ಲ. ಶಾಮಿಯಾನದ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲವಲ್ಲ.

ಇನ್ನು ಕಳೆದುಹೋದ ಆ ಐದೂಮುಕ್ಕಾಲು ಅಡಿಯ ವಿಷಯ. ಅದು ಎಲ್ಲೂ ಹೋಗಿಲ್ಲ. ಜಗಲಿಯಾಗಿ, ಚರಂಡಿಯ ಮೇಲಿನ ಚಪ್ಪಡಿಯಾಗಿ, ಅಂಗಡಿಗಳ ಮೆಟ್ಟಿಲಾಗಿ, ಒಂದು ಟ್ರಾನ್ಸ್‌ಫಾರ್ಮರಾಗಿ ಬೀದಿಯಲ್ಲೇ ಇದೆ. ನನ್ನ ಮನೆಯ ಎರಡು ಮೆಟ್ಟಿಲುಗಳೂ ಅದರಲ್ಲಿ ಸೇರಿವೆ, ನನ್ನ ತಂದೆಯವರ ಕಾಲದವು. ಅಳೆಯಿರಿ, ಅಗತ್ಯವೆಂದು ಕಂಡರೆ ಒಡೆಯಿರಿ, ಒಡೆದ ಕಲ್ಲನ್ನು ಸಾಗಿಸಲು ವರ್ಷಿಣಿಗೇ ಹೇಳುತ್ತೇನೆ. ಆದರೆ ಊರಿನವರೆಲ್ಲ ಸೇರಿ ನುಂಗಿದ ಬೀದಿಗೆ, ಅದನ್ನು ಅಳೆದ ಹುಡುಗಿಯೊಬ್ಬಳನ್ನು ಹೊಣೆ ಮಾಡಬೇಡಿ.

ಇತ್ತ ಪ್ರೇಮಲೀಲಾ ಅವರ ಮನೆಯಲ್ಲಿ, ಅನುಮತಿ ವಾರದಲ್ಲಿ ಬಂದೀತೆಂದು ನಂಬಿದ ಮೇಸ್ತ್ರಿ ಗೋಡೆ ಕೆಡವಿಬಿಟ್ಟಿದ್ದ. ಮಣ್ಣು ಇಟ್ಟಿಗೆಗಳೆಲ್ಲ ಮುಂದಿನ ಕೋಣೆಯಲ್ಲಿ ಎದೆಯೆತ್ತರ ಬಿದ್ದಿದ್ದವು. ಹೊಲಿಗೆಯ ಮಕ್ಕಳು ಅಡುಗೆಮನೆಯಲ್ಲಿ ಯಂತ್ರ ಇಟ್ಟುಕೊಂಡು ಕಲಿತರು, ಆಮೇಲೆ ಅರ್ಧ ಮಕ್ಕಳು ಬರುವುದನ್ನೇ ಬಿಟ್ಟರು. ಏಪ್ರಿಲ್ ನಡುವಿನಲ್ಲಿ ಒಂದು ಸಂಜೆ ದೊಡ್ಡ ಮಳೆ ಬಂದು ಕೆಸರು ಒಳಮನೆಗೆ ನುಗ್ಗಿತು. ಮರುದಿನ ಪ್ರೇಮಲೀಲಾ ನನ್ನ ಮನೆಯ ಬಾಗಿಲಿಗೆ ಬಂದು ನಿಂತರು. "ಮೇಷ್ಟ್ರೇ, ನಿಮ್ಮ ಮೇಲಿನ ಗೌರವಕ್ಕೆ ಒಂದೂವರೆ ತಿಂಗಳು ಕಾದೆ. ನಿಮ್ಮ ಹುಡುಗಿ ಬಂಗಾರದಂಥೋಳು. ಆದ್ರೆ ಬಂಗಾರದಲ್ಲಿ ಮಣ್ಣೆತ್ತಕ್ಕಾಗಲ್ಲ ಕಣ್ರೀ" ಎಂದರು.

ಅರ್ಜಿ ಕೊಟ್ಟ ನಲವತ್ತನಾಲ್ಕನೆಯ ದಿನ, ಮಧ್ಯಾಹ್ನ ಎರಡು ಗಂಟೆಗೆ, ಮೂಗಯ್ಯ ಎಂಬಾತನ ಟ್ರ್ಯಾಕ್ಟರು ಬಂದು ಬೀದಿಗೆ ಅಡ್ಡಲಾಗಿ ನಿಂತಿತು. ಮೂರು ಆಳುಗಳು ಬುಟ್ಟಿಯಲ್ಲಿ ಮಣ್ಣು ತುಂಬತೊಡಗಿದರು. ಒಂದು ಗಂಟೆಯ ಹೊತ್ತು ಬೀದಿಯಲ್ಲಿ ಬೈಸಿಕಲ್ಲು ಕೂಡ ನುಸುಳಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ.

"ಏನ್ ಸ್ವಾಮಿ, ಅಂಗ್ ನೋಡ್ತಿದೀರಿ?" ಎಂದ ಮೂಗಯ್ಯ.

"ಅನುಮತಿ ಇದೆಯೇನಪ್ಪ?"

"ಮಣ್ಣ್ ಇಡಕ್ಕಲ್ವಾ ಪರ್ಮಿಷನ್ನು? ನಾನೇನ್ ಇಡ್ತಾ ಇದೀನಾ, ಎತ್ಕೊಂಡ್ ಓಯ್ತಾ ಇದೀನಿ."

"ಎಲ್ಲಿಗೆ?"

"ಎಲ್ಲಾರ ಅಳ್ಳ ಕಂಡ್ರೆ ಮುಚ್ತೀವಿ ಸ್ವಾಮಿ. ಅದೂ ಒಂದ್ ಪುಣ್ಯದ ಕೆಲ್ಸವೇ."

ಮಾನ್ಯರೇ, ತಮ್ಮ ನಿಯಮಾವಳಿಯನ್ನು ಅವನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. ಅವನಿಗೆ ನಮೂನೆ ಬೇಕಿಲ್ಲ, ನಕ್ಷೆ ಬೇಕಿಲ್ಲ, ಹನ್ನೊಂದು ಮನೆಗಳ ಸಹಿ 'ಇದೆಯೇನಪ್ಪ' ಎಂದು ಕೇಳುವವರೂ ಇಲ್ಲ.

ಎರಡು ಲೋಡು ಮಣ್ಣು ಸಂಜೆಯೊಳಗೆ ಹಿನಕಲ್ಲಿನ ಆ ಹಳ್ಳವನ್ನೇ ಸೇರಿತು. ಮರುದಿನ ಸೊಪ್ಪು ಕೀಳಲು ಹೋದ ದೇವರಾಜು ಅವರಿಗೆ ಮಡಿಗಳ ಅಂಚಿನಲ್ಲಿ ಹೊಸ ಗುಡ್ಡೆ ಕಂಡಿತು. ಅದರ ಮೇಲೆ 'ಪ್ರೇಮಲೀಲಾ ಹೊಲಿಗೆ ತರಗತಿ' ಎಂಬ, ವಿಳಾಸವೂ ಇದ್ದ ತಗಡಿನ ಹಳೆಯ ಬೋರ್ಡು. ಅದು ಮಗಳ ಕೈತಪ್ಪಿದ ಕೆಲಸವೆಂಬುದು ಅವರಿಗೆ ತಿಳಿದಿರಲಿಲ್ಲ. ಅವರು ಮಾಡಬೇಕಾದ್ದನ್ನೇ ಮಾಡಿದರು: ಬೋರ್ಡಿನ ಫೋಟೋ ತೆಗೆದು, ತಮ್ಮ ಕಚೇರಿಗೆ ಲಿಖಿತ ದೂರು ಕೊಟ್ಟರು. ತಮ್ಮ ಕಚೇರಿಯೂ, ಆಶ್ಚರ್ಯವೆಂಬಂತೆ, ಕೂಡಲೇ ಕೆಲಸ ಮಾಡಿತು. ಬೋರ್ಡಿನಲ್ಲಿದ್ದ ವಿಳಾಸವನ್ನು ಕಡತಗಳಲ್ಲಿ ಹುಡುಕಿದರು. ಆ ವಿಳಾಸಕ್ಕೂ ಕಟ್ಟಡದ ಮಣ್ಣಿಗೂ ಸಂಬಂಧಿಸಿದ ಒಂದೇ ಒಂದು ಕಾಗದ ಸಿಕ್ಕಿತು. ಅದು ವರ್ಷಿಣಿಯ ಅರ್ಜಿ. 'ತಾವು ಅರ್ಜಿ ಸಲ್ಲಿಸಿ, ಅನುಮತಿ ದೊರೆಯುವ ಮುನ್ನವೇ ಸದರಿ ಸ್ವತ್ತಿನ ತ್ಯಾಜ್ಯವನ್ನು ಹಳ್ಳಕ್ಕೆ ಸುರಿದಿರುವುದು ಕಂಡುಬಂದಿರುತ್ತದೆ' ಎಂದು ನೋಟಿಸು ಸಿದ್ಧವಾಯಿತು. ಯಾರಿಗೆ ಕಂಡುಬಂದಿತು, ಯಾವಾಗ ಕಂಡುಬಂದಿತು, ಅವಳ ತೊಟ್ಟಿ ಆ ಬೀದಿಗೆ ಒಂದು ದಿನವೂ ಬಂದಿರದಿರುವಾಗ ಹೇಗೆ ಕಂಡುಬಂದಿತು, ಇವಕ್ಕೆ ಮಹಜರಿಲ್ಲ.

ಅಂಚೆಯವನು ದೇವರಾಜು ಅವರ ಮನೆಗೆ ಒಂದೇ ದಿನ ಎರಡು ಲಕೋಟೆ ಕೊಟ್ಟ. ಒಂದು ಮಗಳಿಗೆ, ನೋಟಿಸು. ಇನ್ನೊಂದು ತಂದೆಗೆ: 'ತಮ್ಮ ದೂರಿನ ಮೇರೆಗೆ ತಪ್ಪಿತಸ್ಥರ ವಿರುದ್ಧ ಕ್ರಮ ಜರುಗಿಸಲಾಗಿದೆ. ಸಹಕಾರಕ್ಕಾಗಿ ವಂದನೆಗಳು.'

ಮುಂದಿನದನ್ನು ದೇವರಾಜು ಅವರೇ ನನಗೆ ಹೇಳಿದ್ದು. ಊಟಕ್ಕೆ ಕೂತಾಗ ಎರಡನ್ನೂ ಓದಿ ಅವರು ಕೇಳಿದರಂತೆ, "ನೀನೇ ಏನವ್ವ ಸುರ್ದಿದ್ದು?"

"ಊ ಕಣಪ್ಪ, ಸೊಪ್ಪಿಗೆ ಗೊಬ್ಬರ ಆಗ್ಲಿ ಅಂತ."

ಇಬ್ಬರೂ ನಕ್ಕರಂತೆ. ಆಮೇಲೆ ಮಗಳು ತಟ್ಟೆಯನ್ನು ಸರಿಸಿ ಎದ್ದುಹೋದಳು. "ನನ್ ಕೈಯಾರೆ ನಾನೇ ಬರ್ಕೊಟ್ಬುಟ್ಟೆ ಮೇಷ್ಟ್ರೇ" ಎಂದು ಆ ಮನುಷ್ಯ ನನ್ನ ಪಡಸಾಲೆಯಲ್ಲಿ ಕೂತು ಹೇಳುವಾಗ, ದೂರು ಬರೆದು ಕೊಡಿ ಎಂದು ಅವರಿಗೆ ಹಿಂದೊಮ್ಮೆ ಹೇಳಿಕೊಟ್ಟವನೂ ನಾನೇ ಎಂಬುದು ನನ್ನ ನೆನಪಿಗೆ ಬಂತು.

ಪ್ರೇಮಲೀಲಾ ಅವರು ಧೈರ್ಯದ ಹೆಂಗಸು. ವಿಷಯ ತಿಳಿದ ದಿನವೇ, 'ಮಣ್ಣು ಸಾಗಿಸಿದ್ದು ನಾನು ಕರೆಸಿದ ಟ್ರ್ಯಾಕ್ಟರಿನಲ್ಲಿ, ವರ್ಷಿಣಿಗೂ ಇದಕ್ಕೂ ಸಂಬಂಧವಿಲ್ಲ, ದಂಡವನ್ನು ನನಗೇ ವಿಧಿಸಿ' ಎಂದು ಬರೆದು ಸಹಿ ಮಾಡಿ, ನನ್ನನ್ನೂ ಕರೆದುಕೊಂಡು ತಮ್ಮ ಕಚೇರಿಗೆ ಬಂದರು. ವಿಷಯ ನಿರ್ವಾಹಕರು ಕುರ್ಚಿ ಹಾಕಿಸಿದರು, ಪತ್ರವನ್ನು ಎರಡು ಸಲ ಓದಿದರು, ಹಿಂದಿರುಗಿಸಿದರು.

"ನಿಮ್ಮ ಹೆಸರು ಕಡತದಲ್ಲೇ ಇಲ್ಲವಲ್ಲಮ್ಮ."

"ಮನೆ ನಂದು ಕಣ್ರೀ. ಮಣ್ಣೂ ನಂದು."

"ಮನೆ ನಿಮ್ದೇ. ಕಡತ ವರ್ಷಿಣಿಯವರದು. ಉತ್ತರ ಅವ್ರೇ ಕೊಡ್ಬೇಕು."

"ಮಾಡ್ದೋಳು ನಾನು ಇಲ್ಲೇ ಕೂತಿದೀನಲ್ರೀ."

"ಅದು ನನಗೆ ಕಾಣ್ತಿದೆಯಮ್ಮ" ಎಂದರು ಅವರು. ನಿಜವಾಗಿಯೂ ನೊಂದುಕೊಂಡೇ ಹೇಳಿದರು. "ಕಡತಕ್ಕೆ ಕಾಣಲ್ಲ."

ಈ ಮಾತು ಕೇಳಿದ ಮೇಲೆ ನನಗೆ ತಮ್ಮ ಕಚೇರಿಯ ಕಣ್ಣು ಹೇಗೆ ಕೆಲಸ ಮಾಡುತ್ತದೆಂಬುದು ಅರ್ಥವಾಯಿತು. ಅದಕ್ಕೆ ಬೀದಿ ಕಾಣುವುದಿಲ್ಲ, ಹಳ್ಳ ಕಾಣುವುದಿಲ್ಲ, ಎರಡು ಗಂಟೆಯ ಬಿಸಿಲಿನಲ್ಲಿ ಬೀದಿಗಡ್ಡ ನಿಂತ ಟ್ರ್ಯಾಕ್ಟರು ಕಾಣುವುದಿಲ್ಲ. ತಾವಾಗಿಯೇ ಬಂದು ಹೆಸರು, ವಿಳಾಸ, ಫೋನ್ ಸಂಖ್ಯೆ ಬರೆದುಕೊಟ್ಟವರು ಮಾತ್ರ ಕಾಣುತ್ತಾರೆ. ಆದ್ದರಿಂದ ಶಿಕ್ಷೆಯೂ ಅವರಿಗೇ ತಲುಪುತ್ತದೆ. ಹೀಗೆ ನಡೆದರೆ ಊರಿನಲ್ಲಿ ಕಾನೂನಿಗೆ ಹತ್ತಿರ ಬಂದವರೇ ಕಾನೂನಿನ ಕೈಗೆ ಸಿಗುವವರು. ದೂರ ನಿಂತವರು ಸುರಕ್ಷಿತರು. ಇದಕ್ಕೆ ಆಡಳಿತವೆಂದು ಹೆಸರೇ? ಸ್ವಚ್ಛ ನಗರವೆಂಬ ಹೆಸರನ್ನು ಎದೆಯ ಮೇಲೆ ಧರಿಸಿ ತಿರುಗುವ ಊರು, ತನ್ನ ಗೋಡೆಗಳನ್ನು ಕ್ರಮವಾಗಿ ಸಾಗಿಸಲು ಹೊರಟ ಹುಡುಗಿಯನ್ನೇ ಗಲೀಜು ಮಾಡಿದವಳೆಂದು ಕರೆದರೆ, ಮುಂದೆ ಆ ಕೆಲಸಕ್ಕೆ ಯಾರು ಬಂದಾರು?

ಯಾರು ಬಂದಾರು ಎಂಬುದು ವಾದಕ್ಕಾಗಿ ಕೇಳಿದ ಪ್ರಶ್ನೆಯಲ್ಲ. ಕಳೆದ ಭಾನುವಾರ ವರ್ಷಿಣಿ ತರಗತಿಗೆ ಬರಲಿಲ್ಲ. ಅವಳ ಜೊತೆ ಬೀದಿ ಅಳೆದಿದ್ದ ಅಮರೇಶ ಬಂದಿದ್ದ. ಅವನು ತಾರಸಿ ಸೋರುವುದನ್ನು ನಿಲ್ಲಿಸುವ ಕೆಲಸ ಕಲಿತಿದ್ದಾನೆ, ಸ್ವಂತವಾಗಿ ಶುರು ಮಾಡಲು ಪರವಾನಗಿಯ ಅರ್ಜಿ ತುಂಬಿಟ್ಟುಕೊಂಡಿದ್ದ. ಎಲ್ಲರೂ ಹೋದ ಮೇಲೆ ನಿಂತು ಕೇಳಿದ: "ಸರ್, ಅರ್ಜಿ ಬ್ಯಾಗಲ್ಲೇ ಇದೆ. ಕೊಡ್ಲಾ, ಬ್ಯಾಡ್ವಾ?"

"ಬೇಡ ಯಾಕೆ?"

"ಕೊಟ್ರೆ ನನ್ ಅಡ್ರೆಸ್ಸು ಅವ್ರತ್ರ ಇರುತ್ತಲ್ಲ ಸರ್."

ಮೂವತ್ತೊಂದು ವರ್ಷ ಪಾಠ ಮಾಡಿದ ಮೇಲೆ ಇಪ್ಪತ್ತನಾಲ್ಕರ ಹುಡುಗನೊಬ್ಬ ಹೀಗೆ ಕೇಳಿದಾಗ, ಕೊಡು ಎನ್ನಲು ಒಂದು ಕ್ಷಣ ತಡವರಿಸಿದೆ. ಆ ಒಂದು ಕ್ಷಣಕ್ಕಾಗಿ ನನಗೆ ತಮ್ಮ ಮೇಲೆ ಬಂದಿರುವ ಸಿಟ್ಟು, ನೋಟಿಸಿಗಾಗಿ ಬಂದ ಸಿಟ್ಟಿಗಿಂತ ದೊಡ್ಡದು.

ತಾವು ಮಾಡಬೇಕಾದ್ದು ಹೆಚ್ಚೇನಿಲ್ಲ. ವರ್ಷಿಣಿಗೆ ಕೊಟ್ಟ ನೋಟಿಸನ್ನು ಸೋಮವಾರದ ಮೊದಲು, ಬರಹದಲ್ಲಿ, ಅದೇ ಸಹಿಯಿಂದ ಹಿಂತೆಗೆದುಕೊಳ್ಳಿ. ಪ್ರೇಮಲೀಲಾ ಅವರ ಪತ್ರವನ್ನು ಸ್ವೀಕರಿಸಿ. ದಂಡ ವಿಧಿಸುವುದಾದರೆ ಅವರಿಗೂ, ಅವರನ್ನು ನಲವತ್ತನಾಲ್ಕು ದಿನ ಕಾಯಿಸಿದವರಿಗೂ ವಿಧಿಸಿ. ತೊಟ್ಟಿ ಇಡುವವರಿಗೆ ಮದುವೆಮನೆಯ ಕಾಗದ ಕೊಡುವುದನ್ನು ಬಿಟ್ಟು, ಒಂದೇ ಪುಟದ ಸ್ವಂತ ನಮೂನೆ ಮಾಡಿ. ಅದರಲ್ಲಿ ಹಳೆಯ ಬೀದಿಗಳಿಗೆ ಬೇರೆ ಷರತ್ತಿರಲಿ: ಎಷ್ಟಡಿ ಉಳಿಯುತ್ತದೆ ಎಂಬುದರ ಜೊತೆಗೆ, ಎಷ್ಟು ನಿಮಿಷದಲ್ಲಿ ತೆರವು ಮಾಡುತ್ತೀರಿ ಎಂದೂ ಕೇಳಿ. ಏಳು ದಿನದೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಿ. ಆಗುವುದಿಲ್ಲ ಎಂಬ ಉತ್ತರವನ್ನೂ ಈ ಮಕ್ಕಳು ತಾಳಿಕೊಳ್ಳಬಲ್ಲರು. ಉತ್ತರವೇ ಇಲ್ಲದಿರುವುದನ್ನು ತಾಳಿಕೊಳ್ಳುವ ವಿದ್ಯೆಯನ್ನು ಅವರಿಗೆ ನಾನು ಕಲಿಸಿಲ್ಲ, ಕಲಿಸುವುದೂ ಇಲ್ಲ.

ಸೋಮವಾರ ಹನ್ನೊಂದಕ್ಕೆ ವರ್ಷಿಣಿ ತಮ್ಮ ಕಚೇರಿಗೆ ಬರುತ್ತಾಳೆ. ನೋಟಿಸಿಗೆ ಉತ್ತರ ತರುತ್ತಾಳೆ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದಾಳೆ, ನಾನು ಒಂದು ಅಕ್ಷರವನ್ನೂ ತಿದ್ದಿಲ್ಲ. ಅದರ ಜೊತೆಗೆ ಇನ್ನೊಂದು ಹೊಸ ಅರ್ಜಿಯನ್ನೂ ತರುತ್ತಾಳೆ. ನಮ್ಮ ಬೀದಿಯ ಕೊನೆಯ ಮನೆಯವರು, ಇಷ್ಟೆಲ್ಲ ನೋಡಿದ ಮೇಲೂ, ತಮ್ಮ ಹಿತ್ತಿಲ ಗೋಡೆಯ ಮಣ್ಣು ಹೊರಲು ಅವಳನ್ನೇ ಕೇಳಿದ್ದಾರೆ. ಅರ್ಜಿಯ ಎಲ್ಲ ಕಾಲಂಗಳನ್ನೂ ತುಂಬಿದ್ದಾಳೆ, ರಸ್ತೆಯ ಅಗಲ ಕೇಳುವ ಏಳನೆಯದನ್ನು ಮಾತ್ರ ಖಾಲಿ ಬಿಟ್ಟಿದ್ದಾಳೆ. ಏನು ಬರೆಯಲಿ ಎಂದು ಈ ಬಾರಿ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ, ಹೇಳುವ ಅಧಿಕಾರ ನನಗೆ ಎಷ್ಟು ಉಳಿದಿದೆಯೋ ತಿಳಿಯದು. ನೋಟಿಸಿನ ವಿಷಯದಲ್ಲಿ ತಾವು ಏನು ಹೇಳುತ್ತೀರೆಂದು ಕೇಳಿಕೊಂಡ ಮೇಲೆ, ತಮ್ಮೆದುರೇ, ಅವಳು ಆ ಕಾಲಂ ತುಂಬುತ್ತಾಳೆ. ಇಪ್ಪತ್ತೆಂದು ಬರೆದಳೋ, ತಮಗೆ ಮಧ್ಯಾಹ್ನದೊಳಗೆ ಮೊಹರು ಒತ್ತುವುದು ಸುಲಭವಾಗುತ್ತದೆ. ಆದರೆ ಅಂದಿನಿಂದ ಈ ಊರಿನಲ್ಲಿ ತಮಗೆ ನಿಜ ಹೇಳುವವರು ಒಬ್ಬರು ಕಡಿಮೆಯಾಗಿರುತ್ತಾರೆ. ಅದನ್ನು ತಮ್ಮ ಯಾವ ದಾಖಲೆಯೂ ತೋರಿಸುವುದಿಲ್ಲ.

ಇಂತಿ,
ಶಿಷ್ಯೆಗೆ ಒಮ್ಮೆ ಧೈರ್ಯವಾಗಿ 'ಮತ್ತೆ?' ಎಂದು ಕೇಳಿ, ಈಗ ಸೋಮವಾರಕ್ಕೆ ಹೆದರಿ ಕೂತಿರುವ
ಚನ್ನಬಸವಯ್ಯ
ನಿವೃತ್ತ ಸರ್ವೆ ಬೋಧಕ, ಅಗ್ರಹಾರ, ಮೈಸೂರು